ನಮ್ಮ ಮಕ್ಕಳು ಅಧ್ಯಾಪಕರಿಗೆ ಕೊಡುವ ಅಂಕ

ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮ ಧರ್ಮಕೇಂದ್ರಗಳಿಂದ ಬೆಳಿಗ್ಗೆ ಬಸ್ಸು, ರೈಲು ಹಿಡಿದು ಮಂಗಳೂರಿನ ಕಾಲೇಜುಗಳಿಗೆ ಹೋಗುವ ಮಕ್ಕಳು ಬಹಳ ಮಂದಿ. ಅವರ ಅಂಕಪಟ್ಟಿಯನ್ನು ನಾವು ತಪ್ಪದೆ ಕೇಳಿ ನೋಡುತ್ತೇವೆ. ಆದರೆ ಅದೇ ಮಕ್ಕಳು ತಮ್ಮ ಅಧ್ಯಾಪಕರಿಗೂ ಅಂಕ ಕೊಡುತ್ತಾರೆಂಬುದು ಎಷ್ಟು ತಂದೆತಾಯಂದಿರಿಗೆ ಗೊತ್ತು? ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮೊಬೈಲಿಗೆ ಒಂದು ಫಾರಂ ಬರುತ್ತದೆ. ಫೀಡ್‌ಬ್ಯಾಕ್ ಅನ್ನುತ್ತಾರೆ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ 1994ರಲ್ಲಿ ಹುಟ್ಟಿದ್ದು, ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. 2017ರಲ್ಲಿ ತನ್ನ ಪದ್ಧತಿಯನ್ನು ಪರಿಷ್ಕರಿಸಿದಾಗ ಅದು ವಿದ್ಯಾರ್ಥಿಗಳ ಸಂತೃಪ್ತಿ ಸಮೀಕ್ಷೆಯನ್ನೂ ಸೇರಿಸಿತು. ಪಠ್ಯ ಎಷ್ಟು ಮುಗಿಯಿತು, ಅಧ್ಯಾಪಕರು ಎಷ್ಟು ತಯಾರಿ ಮಾಡಿಕೊಂಡು ಬರುತ್ತಾರೆ ಮುಂತಾದ ಪ್ರಶ್ನೆಗಳು ಅದರಲ್ಲಿವೆ. ಇದಲ್ಲದೆ ಕಾಲೇಜುಗಳು ಒಬ್ಬೊಬ್ಬ ಅಧ್ಯಾಪಕರ ಬಗ್ಗೆ ತಮ್ಮದೇ ಫಾರಂ ಕೊಡುವುದುಂಟು. ಉತ್ತಮ ಅಧ್ಯಾಪಕರನ್ನು ಆರಿಸುವಾಗ ಈ ಅಂಕವನ್ನೂ ನೋಡುವವರಿದ್ದಾರೆ.

ಯುವಜನರ ಕೂಟದಲ್ಲಿ ನಾವು ಇದರ ಬಗ್ಗೆ ಕೇಳಿದಾಗ ಹುಡುಗನೊಬ್ಬ ನಗುತ್ತಾ ಹೇಳಿದ: “ಫಾದರ್, ಎಲ್ಲದಕ್ಕೂ ಐದು ಒತ್ತಿದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ.” ಉಳಿದವರೂ ನಕ್ಕರು. ನಮಗೆ ನಗು ಬರಲಿಲ್ಲ.

ಮನಸ್ಸಿಟ್ಟು ಒತ್ತಿದರೂ ಈ ಅಂಕ ದಾರಿ ತಪ್ಪಬಹುದು. 1970ರಲ್ಲಿ ಅಮೆರಿಕದಲ್ಲಿ ಮೈಕೆಲ್ ಫಾಕ್ಸ್ ಎಂಬ ನಟನನ್ನು ‘ಡಾಕ್ಟರ್ ಫಾಕ್ಸ್’ ಎಂದು ಪರಿಚಯಿಸಿ ಮನೋವೈದ್ಯರ ಮುಂದೆ ಉಪನ್ಯಾಸ ಕೊಡಿಸಿದರು. ವಿಷಯದ ಗಂಧ ಅವನಿಗಿರಲಿಲ್ಲ. ಹಾಸ್ಯ, ಹಾವಭಾವ, ದೊಡ್ಡ ದೊಡ್ಡ ಮಾತು, ಅಷ್ಟೇ. ಕೇಳಿದವರು ಅವನಿಗೆ ಒಳ್ಳೆಯ ಅಂಕವನ್ನೇ ಕೊಟ್ಟರು! ಓದಿ ಪಳಗಿದವರೇ ಮೋಸಹೋದ ಮೇಲೆ ಹದಿನೆಂಟರ ಮಕ್ಕಳ ಮಾತೇನು? (ಪ್ರಸಂಗ ಹೇಳುವ ನಮಗೂ ಇದರಲ್ಲೊಂದು ಎಚ್ಚರಿಕೆ ಇದೆಯೆನ್ನಿ.)

ಇನ್ನೂ ಯೋಚಿಸಬೇಕಾದದ್ದು ಅಮೆರಿಕದ ವಾಯುಪಡೆ ಅಕಾಡೆಮಿಯಿಂದ ಬಂದದ್ದು. ಅಲ್ಲಿ ಯಾರಿಗೆ ಯಾವ ಅಧ್ಯಾಪಕರು ಎಂಬುದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ, ಪರೀಕ್ಷೆ ಎಲ್ಲರಿಗೂ ಒಂದೇ. ಹಾಗಾಗಿ ಹೋಲಿಕೆ ಸುಲಭ. 2010ರಲ್ಲಿ ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಣಿತದ ಮೊದಲ ತರಗತಿಯಲ್ಲಿ ಹೆಚ್ಚು ಮೆಚ್ಚುಗೆ ಪಡೆದವರ ವಿದ್ಯಾರ್ಥಿಗಳು ಆ ಪರೀಕ್ಷೆಯಲ್ಲಿ ಚೆನ್ನಾಗಿಯೇ ಮಾಡಿದರು, ಆದರೆ ಮುಂದಿನ ಹಂತದ ಗಣಿತದಲ್ಲಿ ಹಿಂದೆ ಬಿದ್ದರು. ಅನುಭವಿ ಅಧ್ಯಾಪಕರ ಕೈಯಲ್ಲಿ ಕಲಿತವರು ಮುಂದೆ ನಿಂತರು, ಆ ಅಧ್ಯಾಪಕರಿಗೆ ಬಂದ ಅಂಕ ಮಾತ್ರ ಕಡಿಮೆ. ಬುನಾದಿ ಗಟ್ಟಿಮಾಡುವವರು ಆ ಹೊತ್ತಿಗೆ ಕಷ್ಟದವರಾಗಿಯೇ ಕಾಣುತ್ತಾರಲ್ಲವೇ?

ಹೆಣ್ಣುಮಕ್ಕಳ ತಂದೆತಾಯಂದಿರು ಇದನ್ನೂ ಕೇಳಬೇಕು. ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮುಖ ಕಾಣದ ಅಂತರ್ಜಾಲ ತರಗತಿಯಲ್ಲಿ ಒಬ್ಬ ಅಧ್ಯಾಪಕ, ಒಬ್ಬ ಅಧ್ಯಾಪಕಿ ಕೆಲವು ಗುಂಪುಗಳಿಗೆ ತಮ್ಮ ಹೆಸರನ್ನು ಅದಲುಬದಲು ಮಾಡಿಕೊಂಡು ಕಲಿಸಿದರು. ಇದರ ವರದಿ ಬಂದದ್ದು 2014ರಲ್ಲಿ. ಎಲ್ಲ ಗುಂಪುಗಳಿಗೂ ಉತ್ತರಗಳನ್ನು ತಿದ್ದಿ ಕೊಟ್ಟದ್ದು ಒಂದೇ ಸಮಯದಲ್ಲಿ. ಆದರೂ ಚುರುಕುತನಕ್ಕೆ ಗಂಡು ಹೆಸರಿಗೆ ಸಿಕ್ಕಿದ್ದು ಐದರಲ್ಲಿ 4.35, ಹೆಣ್ಣು ಹೆಸರಿಗೆ 3.55. ವಿದ್ಯಾರ್ಥಿಗಳು 43 ಮಂದಿ ಮಾತ್ರ, ನಿಜ. ಆದರೆ ನಮ್ಮ ಮನೆಗಳಲ್ಲೂ ಸರ್‌ಗೆ ಕೊಡುವ ಮರ್ಯಾದೆ ಮೇಡಂಗೆ ಸಿಗುತ್ತದೆಯೇ?

ಹಾಗಾದರೆ ಮಕ್ಕಳನ್ನು ಕೇಳುವುದೇ ಬೇಡವೇ? ಹಾಗಲ್ಲ. ದಿನವೂ ಆ ಬೆಂಚಿನಲ್ಲಿ ಕುಳಿತವರಿಗೆ ತಿಳಿದಷ್ಟು ಪ್ರಾಂಶುಪಾಲರಿಗೂ ತಿಳಿಯದು. ಅಧ್ಯಾಪಕರ ಪಾಂಡಿತ್ಯವನ್ನು ಅವರು ತೂಗಲಾರರು, ಕಣ್ಣಾರೆ ಕಂಡದ್ದನ್ನು ಹೇಳಬಲ್ಲರು. ಪ್ರಶ್ನೆ ಕೇಳಿದರೆ ಗದರಿದರೇ, ಇನ್ನೊಮ್ಮೆ ಬಿಡಿಸಿ ಹೇಳಿದರೇ? ಮಲಯಾಳ ಮಾಧ್ಯಮದಿಂದಲೋ ಕನ್ನಡ ಮಾಧ್ಯಮದಿಂದಲೋ ಬಂದು ಇಂಗ್ಲಿಷಿಗೆ ತಡವರಿಸುವ ಮಗುವನ್ನು ಗಮನಿಸಿದರೇ? ಇವನ್ನು ಬರೆಯಲು ಅಂಕೆ ಸಾಲದು, ಎರಡು ಸಾಲು ಬೇಕು. ನ್ಯಾಕ್ ಫಾರಂನ ಕೊನೆಯಲ್ಲಿ ಸಲಹೆ ಬರೆಯಲು ಜಾಗ ಬಿಟ್ಟಿರುತ್ತಾರೆ. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ.

ಅದೇ ಕೂಟದಲ್ಲಿ ಬಿ.ಎಸ್ಸಿ. ಓದುವ ಹುಡುಗಿಯೊಬ್ಬಳು ಮೌನವಾಗಿ ಕುಳಿತಿದ್ದಳು. ಅವಳು ತನ್ನ ಕಾಲೇಜಿನ ಫಾರಂನಲ್ಲಿ ಬರೆದದ್ದು ಹೀಗೆ: ರಸಾಯನಶಾಸ್ತ್ರದ ಮೇಡಂ ಸ್ವಲ್ಪ ಸಿಡುಕು, ಆದರೆ ರೆಕಾರ್ಡ್ ಪುಸ್ತಕವನ್ನು ವಾರದೊಳಗೆ ಹಿಂದಿರುಗಿಸುತ್ತಾರೆ, ಎಲ್ಲಿ ತಪ್ಪಿತು ಎಂದು ಪೆನ್ಸಿಲಿನಲ್ಲಿ ಬರೆದಿರುತ್ತಾರೆ. ಐದರಲ್ಲಿ ಎಷ್ಟು ಕೊಟ್ಟೆ ಮಗಳೇ ಎಂದು ಕೇಳಿದೆವು. “ಮೊದಲು ಮೂರು ಒತ್ತಿದ್ದೆ ಫಾದರ್. ಇದನ್ನು ಬರೆದ ಮೇಲೆ ಹಿಂದೆ ಹೋಗಿ ತಿದ್ದಿದೆ.”