ಮೂತಿ ಎತ್ತಿದ ಕಾರು

ಮಕ್ಕಳೇ, ಹಳೆಯ ಸಿನಿಮಾದಲ್ಲಿ ನೀವು ಏನು ನೋಡುತ್ತೀರಿ? ನನ್ನ ಮೊಮ್ಮಗ ನೋಡುವುದು ಕಾರುಗಳನ್ನು.

ಕಳೆದ ತಿಂಗಳು ಬೈಲಹೊಂಗಲದ ನಮ್ಮ ಮನೆಯಲ್ಲಿ ಒಂದು ಕಪ್ಪು-ಬಿಳುಪು ಕನ್ನಡ ಸಿನಿಮಾ ನೋಡುತ್ತಿದ್ದೆವು. ಘಾಟಿಯಲ್ಲಿ ನಾಯಕನ ಕಾರು ಕೆಟ್ಟು ನಿಂತಿತು. ‘ಅದು ಫಿಯಾಟ್’ ಎಂದೆ. ಅಷ್ಟರಲ್ಲಿ ನಾಯಕ ಬಾನೆಟ್ ಎತ್ತಿದ. ದೀಪ, ಮಡ್‌ಗಾರ್ಡ್ ಸಮೇತ ಕಾರಿನ ಇಡೀ ಮೂತಿಯೇ ಮುಂದಕ್ಕೆ ಬಾಗಿತು!

‘ಅಜ್ಜಾ, ಫಿಯಾಟ್ ಹಿಂಗ ತೆರಿಯಂಗಿಲ್ಲ’ ಎಂದ ಮೊಮ್ಮಗ.

ನನಗೆ ಥಟ್ಟನೆ 1970ರ ಬೇಸಿಗೆ ನೆನಪಾಯಿತು. ಆಗ ನಾನು ಬಿ.ಕಾಂ. ಓದುತ್ತಿದ್ದೆ. ಒಂದು ದಿನ ಅವ್ವನಿಗೆ ಹೊಟ್ಟೆನೋವು ವಿಪರೀತವಾಯಿತು. ಊರಿನ ಡಾಕ್ಟರು ಅವಳನ್ನು ತಮ್ಮ ಕಾರಿನಲ್ಲೇ ಧಾರವಾಡದ ಆಸ್ಪತ್ರೆಗೆ ಕರೆದೊಯ್ದರು. ಕಿತ್ತೂರಿನ ಹತ್ತಿರ ಎಂಜಿನ್ ಕಾದು ಕಾರು ನಿಂತಿತು. ಡಾಕ್ಟರು ಹೀಗೆಯೇ ಮೂತಿ ಎತ್ತಿದ್ದರು. ನಾನು ಓಡಿಹೋಗಿ ಬಾವಿಯ ನೀರು ತಂದಿದ್ದೆ. ಅವ್ವ ಉಳಿದಳು. ಆ ಕಥೆಯನ್ನು ಐವತ್ತು ವರ್ಷಗಳಿಂದ ‘ಡಾಕ್ಟರ ಫಿಯಾಟ್’ ಎಂದೇ ಹೇಳುತ್ತ ಬಂದಿದ್ದೆ!

ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಡನೆ ಹೋಲಿಸುವುದು ನನ್ನ ಕೆಲಸವಾಗಿತ್ತು. ಮೇಲ್ನೋಟಕ್ಕೆ ಒಂದೇ ಎನಿಸಿದರೆ ಸಾಲದು, ಒಂದೊಂದೇ ಗೆರೆ ನೋಡಬೇಕು. ಕಾರನ್ನೂ ಹಾಗೆಯೇ ಪರೀಕ್ಷಿಸಿದೆವು. ದೃಶ್ಯವನ್ನು ನಿಲ್ಲಿಸಿ ಮೂರು ಗುರುತು ಬರೆದುಕೊಂಡೆವು: ಮುಂದಕ್ಕೆ ಬಾಗುವ ಮೂತಿ, ಹಿಂಬದಿಯ ಚೂಪು ಅಂಚುಗಳು, ನಾಲ್ಕು ಬಾಗಿಲು.

ಮೊದಲ ಎರಡು ಗುರುತುಗಳು ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ ಕಾರಿಗೆ ಹೊಂದಿದವು. ಇಟಲಿಯ ಜೊವಾನಿ ಮಿಕೆಲೊಟ್ಟಿ ರೂಪಿಸಿದ ಈ ಕಾರು 1959ರಲ್ಲಿ ಬಂದಿತು. ಆದರೆ ಅದಕ್ಕೆ ಇದ್ದದ್ದು ಎರಡೇ ಬಾಗಿಲು!

ಮೂರನೆಯ ಗುರುತೇ ಗಂಟು ಬಿಡಿಸಿತು. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಇದೇ ಕಾರನ್ನು 948 ಸಿಸಿ ಎಂಜಿನ್ ಇಟ್ಟು ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಎಂಬ ಹೆಸರಿನಲ್ಲಿ ತಯಾರಿಸುತ್ತಿತ್ತು. ದೊಡ್ಡ ಕುಟುಂಬಗಳ ನಮ್ಮ ದೇಶಕ್ಕೆಂದೇ 1960ರ ದಶಕದ ಕೊನೆಯಲ್ಲಿ ನಾಲ್ಕು ಬಾಗಿಲಿನ ಮಾದರಿ ತಂದಿತು. ಅಂಥದ್ದು ಇಂಗ್ಲೆಂಡಿನಲ್ಲೂ ಇರಲಿಲ್ಲ.

ಹೌದು, ಅವ್ವನನ್ನು ಹಿಂದಿನ ಬಾಗಿಲಿನಿಂದಲೇ ಒಳಗೆ ಮಲಗಿಸಿದ್ದೆವು.

ಈಗ ಡಾಕ್ಟರೂ ಇಲ್ಲ, ಅವ್ವನೂ ಇಲ್ಲ. ಅವರ ಕಥೆಯಲ್ಲಿ ಕಾರಿನ ಹೆಸರಾದರೂ ಸರಿ ಇರಲಿ ಎಂದು ಮನೆಮಂದಿಗೆಲ್ಲ ಫೋನ್ ಮಾಡಿ ತಿದ್ದಿ ಹೇಳಿದೆ. ನಿಮ್ಮ ಮನೆಯ ಹಳೆಯ ಫೋಟೊಗಳಲ್ಲೂ ಯಾವುದಾದರೂ ಕಾರು ನಿಂತಿರಬಹುದು. ಅಜ್ಜ-ಅಜ್ಜಿಯ ಪಕ್ಕ ಕುಳಿತು ಬಾಗಿಲು, ದೀಪ, ಮೂತಿಗಳನ್ನು ಒಂದೊಂದಾಗಿ ನೋಡಿ. ಕಾರಿನ ಹೆಸರಿನ ಜೊತೆಗೆ ಒಂದು ಕಥೆಯೂ ಸಿಕ್ಕೀತು.