ಚೇತ್ ಸಿಂಗ್ ಕೋಟೆಯೂ ‘ಒಂದು ವೇಳೆ’ ಎಂಬ ಪ್ರಶ್ನೆಯೂ

ಅಸ್ಸಿಯ ಚಹಾದಂಗಡಿಗಳಲ್ಲಿ ರಾಜಕೀಯದ ಮಾತಿಗೆ ಬರವಿಲ್ಲ. ದಿಲ್ಲಿ, ಲಖನೌ ಮುಗಿದ ಮೇಲೆ ಸರದಿ ಇತಿಹಾಸದ್ದು. ಹಿಂದಿ, ಸಂಸ್ಕೃತ ಕಲಿಯಲು ಬಂದು ಇಲ್ಲೇ ಕೋಣೆ ಹಿಡಿದಿರುವ ವಿದೇಶಿಯರೂ ಅದರಲ್ಲಿ ಸೇರಿಕೊಳ್ಳುತ್ತಾರೆ. ಅವರಲ್ಲೊಬ್ಬ ಜರ್ಮನ್ ವಿದ್ಯಾರ್ಥಿ ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಬಹಳ ದಿನ ಉಳಿಯಿತು: ‘ನಮ್ಮ ಮೂರನೇ ಫ್ರೆಡರಿಕ್ ಇನ್ನಿಪ್ಪತ್ತು ವರ್ಷ ಬದುಕಿದ್ದರೆ?’

1888ರಲ್ಲಿ ಜರ್ಮನಿಯ ಚಕ್ರವರ್ತಿಯಾದ ಫ್ರೆಡರಿಕ್ ಅಲ್ಲಿನ ಉದಾರವಾದಿಗಳ ಭರವಸೆಯಾಗಿದ್ದ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಅಳಿಯ. ಪಟ್ಟಕ್ಕೆ ಬರುವಾಗಲೇ ಗಂಟಲಿನ ಕ್ಯಾನ್ಸರ್ ಇತ್ತು. 99 ದಿನ ಆಳಿ ತೀರಿಕೊಂಡ. ಅವನಿದ್ದಿದ್ದರೆ ಜರ್ಮನಿಯಲ್ಲಿ ಸಂಸತ್ತಿನ ಮಾತು ನಡೆಯುತ್ತಿತ್ತು, ನೈಋತ್ಯ ಆಫ್ರಿಕಾದ ವಸಾಹತಿನಲ್ಲಿ 1904ರಿಂದ ನಡೆದ ಹೆರೆರೊ ಜನರ ಮಾರಣಹೋಮ ತಪ್ಪುತ್ತಿತ್ತು ಎಂದು ಆ ಹುಡುಗನ ಊಹೆ.

ಇಂಥ ಊಹೆಯನ್ನು ತೂಗಿ ನೋಡಲು ಬರ್ಲಿನ್‌ಗೆ ಹೋಗಬೇಕಿಲ್ಲ. ಅಸ್ಸಿಯಿಂದ ಗಂಗೆಯ ದಡ ಹಿಡಿದು ಉತ್ತರಕ್ಕೆ ಹತ್ತು–ಹದಿನೈದು ನಿಮಿಷ ನಡೆದರೆ ನೀರಿನ ಅಂಚಿನಲ್ಲೇ ಎತ್ತರದ ಕೋಟೆಗೋಡೆ ಸಿಗುತ್ತದೆ. ಅದೇ ಚೇತ್ ಸಿಂಗ್ ಘಾಟ್. ಇಲ್ಲಿ ನಡೆದದ್ದಕ್ಕೂ ನಮ್ಮ ಶ್ರೀರಂಗಪಟ್ಟಣಕ್ಕೂ ನಂಟಿದೆ.

ಕಾಶಿಯ ರಾಜ ಚೇತ್ ಸಿಂಗ್ 1775ರಿಂದ ಈಸ್ಟ್ ಇಂಡಿಯಾ ಕಂಪನಿಯ ಅಧೀನ. ವರ್ಷಕ್ಕೆ ಸುಮಾರು 22.5 ಲಕ್ಷ ರೂಪಾಯಿ ಕಪ್ಪ ಎಂದು ಒಪ್ಪಂದವಾಗಿತ್ತು. 1778ರಲ್ಲಿ ಫ್ರೆಂಚರೊಡನೆ ಯುದ್ಧ ಬಂತೆಂದು ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ 5 ಲಕ್ಷ ಹೆಚ್ಚಿಗೆ ಕೇಳಿದ. ಮರುವರ್ಷವೂ ಕೇಳಿದ, ಅದರ ಮರುವರ್ಷವೂ ಕೇಳಿದ. 1780ರ ಜುಲೈನಲ್ಲಿ ಹೈದರಾಲಿ ಘಟ್ಟ ಇಳಿದು ಆರ್ಕಾಟಿನ ಸೀಮೆಗೆ ನುಗ್ಗಿದ. ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕಂಪನಿಯ ಒಂದು ಸೈನ್ಯವೇ ನಾಶವಾಯಿತು. ಅತ್ತ ಮರಾಠರೊಡನೆಯೂ ಯುದ್ಧ. ಬೊಕ್ಕಸ ಬರಿದಾಯಿತು. ಈಗ ಕಾಶಿಯ ರಾಜ ಕುದುರೆ ಸವಾರರನ್ನೂ ಕೊಡಬೇಕೆಂದಾಯಿತು. ಅವನು ಕೊಟ್ಟದ್ದು ಸಾಲದೆಂದು ಹೇಸ್ಟಿಂಗ್ಸ್ 50 ಲಕ್ಷ ದಂಡ ಹಾಕಲು ಹೊರಟ. ರಾಜನ ತಪ್ಪಿನಿಂದಲೇ ಕಂಪನಿಯ ಕಷ್ಟಕ್ಕೆ ಪರಿಹಾರ ತೆಗೆಯಲು ನಿರ್ಧರಿಸಿದ್ದೆ ಎಂದು ಅವನೇ ಬರೆದಿಟ್ಟಿದ್ದಾನೆ.

1781ರ ಆಗಸ್ಟ್ 16ರಂದು ಈ ಕೋಟೆಯಲ್ಲೇ ರಾಜನನ್ನು ಬಂಧಿಸಿದರು. ಕಾವಲಿಗಿಟ್ಟ ಸಿಪಾಯಿಗಳ ಬಳಿ ಮದ್ದುಗುಂಡು ಇರಲಿಲ್ಲ. ಊರವರು ಸಿಡಿದೆದ್ದರು, ಸಿಪಾಯಿಗಳೂ ಅವರ ಇಂಗ್ಲಿಷ್ ಅಧಿಕಾರಿಗಳೂ ಸತ್ತರು. ಗದ್ದಲದಲ್ಲಿ ರಾಜ ಪೇಟಗಳನ್ನು ಗಂಟುಹಾಕಿ ಹಗ್ಗ ಮಾಡಿ ಕಿಟಕಿಯಿಂದ ಗಂಗೆಗೆ ಇಳಿದು ಪಾರಾದ. ಕೆಲ ದಿನಗಳಲ್ಲಿ ಹೇಸ್ಟಿಂಗ್ಸ್ ರಾತ್ರೋರಾತ್ರಿ ಚುನಾರ್ ಕೋಟೆಗೆ ಓಡಿದ. ಆದರೆ ಕೊನೆಗೆ ಗೆದ್ದದ್ದು ಕಂಪನಿಯೇ. ಚೇತ್ ಸಿಂಗ್ ಗ್ವಾಲಿಯರ್ ಸೇರಿದ. ಅವನ ಸೋದರಳಿಯನನ್ನು ಗದ್ದುಗೆಯಲ್ಲಿ ಕೂರಿಸಿ ಕಪ್ಪವನ್ನು 40 ಲಕ್ಷಕ್ಕೆ ಏರಿಸಿದರು.

ಈಗ ನಮ್ಮ ‘ಒಂದು ವೇಳೆ’. ಲಂಡನ್ನಿನಲ್ಲಿ ಆಗ ಕಂಪನಿಯ ದರ್ಬಾರನ್ನು ಖಂಡಿಸುತ್ತಿದ್ದವರು ವಿಗ್ ಪಕ್ಷದ ಚಾರ್ಲ್ಸ್ ಫಾಕ್ಸ್ ಮತ್ತು ಎಡ್ಮಂಡ್ ಬರ್ಕ್. ಅವರ ಸರಕಾರ 1783ರಲ್ಲಿ ಒಂದು ಮಸೂದೆ ತಂದಿತು: ಭಾರತದ ಆಡಳಿತವನ್ನು ಕಂಪನಿಯ ಕೈಯಿಂದ ತೆಗೆದು ಏಳು ಕಮಿಷನರುಗಳಿಗೆ ವಹಿಸುವುದು. ಕಾಮನ್ಸ್ ಸಭೆ ಒಪ್ಪಿತು. ದೊರೆ ಮೂರನೇ ಜಾರ್ಜ್ ಒತ್ತಡ ಹಾಕಿ ಲಾರ್ಡ್ಸ್ ಸಭೆಯಲ್ಲಿ ಅದನ್ನು ಸೋಲಿಸಿದ, ಸರಕಾರವನ್ನೇ ಕಿತ್ತುಹಾಕಿದ. ಮುಂದೆ ಹೇಸ್ಟಿಂಗ್ಸ್ ಮೇಲೆ ಮಹಾಭಿಯೋಗ ನಡೆದಾಗ ಕಾಶಿಯ ಪ್ರಕರಣವೂ ಅದರಲ್ಲಿ ಒಂದು ಮುಖ್ಯ ಆರೋಪ. 1788ರಲ್ಲಿ ಶುರುವಾದ ವಿಚಾರಣೆ 1795ರಲ್ಲಿ ಖುಲಾಸೆಯೊಂದಿಗೆ ಮುಗಿಯಿತು.

ಫಾಕ್ಸ್ ಗೆದ್ದಿದ್ದರೆ? ಹಣ ಕಿತ್ತುವ ಗವರ್ನರನಿಗೆ ಸ್ವಲ್ಪ ಅಂಜಿಕೆ ಇರುತ್ತಿತ್ತೇನೋ. ಆದರೆ ಆ ಏಳು ಮಂದಿ ಕೂರುತ್ತಿದ್ದದ್ದು ಲಂಡನ್ನಿನಲ್ಲಿ, ನೇಮಕವಾಗಬೇಕಿದ್ದವರು ಫಾಕ್ಸ್‌ನ ಬೆಂಬಲಿಗರು. ಇಲ್ಲಿನ ಕಾಗದ ಅಲ್ಲಿಗೆ ಮುಟ್ಟಲು ಐದಾರು ತಿಂಗಳು. ಕಪ್ಪ ಕೊಡುವವರ ಕಡೆಯಿಂದ ಅಲ್ಲಿ ಒಬ್ಬನೂ ಇಲ್ಲ.

ಕಾನೂನಿನ ಸದಾಶಯ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಕನ್ನಡನಾಡೇ ಕಂಡಿದೆ. ಫಾಕ್ಸ್ ಸೋತ ಮೇಲೆ ಪಿಟ್‌ನ ಸರಕಾರ ತಂದ 1784ರ ಕಾಯಿದೆಯಲ್ಲಿ, ಭಾರತದಲ್ಲಿ ರಾಜ್ಯ ಗೆದ್ದು ಹಿಗ್ಗಿಸಿಕೊಳ್ಳುವುದು ಬ್ರಿಟನ್ನಿನ ಗೌರವಕ್ಕೆ ತಕ್ಕದ್ದಲ್ಲ ಎಂದೇ ಬರೆದಿತ್ತು. ಎಂಟು ವರ್ಷಕ್ಕೆ, 1792ರಲ್ಲಿ, ಟಿಪ್ಪುವಿನ ಅರ್ಧ ರಾಜ್ಯವೂ 3.30 ಕೋಟಿ ರೂಪಾಯಿ ದಂಡವೂ ಕಂಪನಿ ಮತ್ತು ಅದರ ಮಿತ್ರರ ಪಾಲಾದವು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದಾಗ ವೈಸರಾಯ್ ಆಗಿದ್ದವನು ಗ್ಲ್ಯಾಡ್‌ಸ್ಟನ್ನನ ಲಿಬರಲ್ ಸರಕಾರ ಕಳಿಸಿದ ರಿಪನ್. ಉದಾರವಾದಿ ಎಂದು ಹೆಸರಾದವನು. ಆದರೂ 24.5 ಲಕ್ಷವಿದ್ದ ವಾರ್ಷಿಕ ಕಪ್ಪವನ್ನು ಅದೇ ಪತ್ರದಲ್ಲಿ 35 ಲಕ್ಷಕ್ಕೆ ಏರಿಸಲಾಯಿತು. ಮಹಾಕ್ಷಾಮದಿಂದ ಸೊರಗಿದ್ದ ನಾಡಿಗೆ ಸಿಕ್ಕ ಔದಾರ್ಯವೆಂದರೆ ಹೆಚ್ಚಳದ ವಸೂಲಿಯನ್ನು ಕೆಲವು ವರ್ಷ ಮುಂದೂಡಿದ್ದು.

ಜರ್ಮನಿಯಲ್ಲೂ ಆದದ್ದು ಇಷ್ಟೇ. ವಸಾಹತುಗಳನ್ನು ವಿರೋಧಿಸುತ್ತಿದ್ದ ಉದಾರವಾದಿ ನಾಯಕ ಯೂಜೆನ್ ರಿಕ್ಟರ್ 1906ರಲ್ಲಿ ತೀರಿಕೊಂಡ. ವಸಾಹತು ಯುದ್ಧದ ಖರ್ಚಿನ ಮೇಲೆಯೇ ನಡೆದ 1907ರ ಚುನಾವಣೆಯಲ್ಲಿ ಅವನ ಕಡೆಯವರೂ ಚಾನ್ಸೆಲರನ ಜೊತೆ ನಿಂತರು.

ಆದ್ದರಿಂದ ಆ ವಿದ್ಯಾರ್ಥಿಗೆ ನಾನು ಹೇಳಿದ್ದಿಷ್ಟು: ಗದ್ದುಗೆಯ ಮೇಲೆ ಒಳ್ಳೆಯವನು ಕೂತಿದ್ದರೆ ಎಂಬ ಪ್ರಶ್ನೆ ಅರ್ಧ ಮಾತ್ರ. ಕೆಳಗಿರುವವನು ‘ಕೊಡಲಾರೆ’ ಎಂದರೆ ಕೇಳುವವರು ಯಾರು ಎಂಬುದು ಉಳಿದರ್ಧ. ಬಂಧನವಾದ ದಿನವೂ ಚೇತ್ ಸಿಂಗ್ ಹೇಸ್ಟಿಂಗ್ಸ್‌ಗೆ ವಿನಯದಿಂದ ಪತ್ರ ಬರೆದ. ಬೇರೆ ಯಾರಿಗೆ ಬರೆಯಬೇಕಿತ್ತು?

ನಮ್ಮ ಕಡೆ ಹೈದರ್, ಟಿಪ್ಪು ಹೆಸರೆತ್ತಿದರೆ ಪರ–ವಿರೋಧದ ಜಗಳ ಶುರುವಾಗುತ್ತದೆ. ಕಾವೇರಿ ದಡದ ಯುದ್ಧದ ಖರ್ಚನ್ನು ಗಂಗೆಯ ದಡದವರ ಮೇಲೂ ಹೊರಿಸಲಾಯಿತೆಂಬ ಮಾತು ಆ ಜಗಳದಲ್ಲಿ ಬರುವುದೇ ಇಲ್ಲ. ಕಾಶಿಗೆ ಬಂದಾಗ ಹನುಮಾನ್ ಘಾಟಿನಾಚೆಯ ನಮ್ಮ ಕರ್ನಾಟಕ ಘಾಟ್ ನೋಡಿಕೊಂಡು, ಅಲ್ಲಿಂದ ದಡದಲ್ಲೇ ತುಸು ದಕ್ಷಿಣಕ್ಕೆ ನಡೆಯಿರಿ. ಆ ಕೋಟೆಗೋಡೆ ನಮ್ಮ ಇತಿಹಾಸದ್ದೂ ಹೌದು.