ಗೋಡೆ ಮೇಲಿನ ಕಾವಲುಗಾರ

ಪೇಟೆಯ ಕೆಲವು ಬ್ಯಾಂಕು, ಚಿನ್ನದ ಅಂಗಡಿಗಳಲ್ಲಿ ಬಾಗಿಲಿನ ಒಳಪಕ್ಕ ಗೋಡೆಗೆ ಒಂದು ಚಿಕ್ಕ ಪೆಟ್ಟಿಗೆ ಹೊಡೆದಿರುತ್ತಾರೆ. ಅದರಲ್ಲಿ ಫೋನಿನ ಹಾಗೆ 0ಯಿಂದ 9ರವರೆಗೆ ಗುಂಡಿಗಳು ಇರುತ್ತವೆ. ಇದಕ್ಕೆ ಕೀಪ್ಯಾಡ್ ಎನ್ನುತ್ತಾರೆ. ಕಳ್ಳರು ಬಂದರೆ ಕೂಗುವ ಅಲಾರಂಗೆ ಇದು ಬೀಗದ ಕೈ ಇದ್ದ ಹಾಗೆ.

ಕೀಪ್ಯಾಡೇ ಅಲಾರಂ ಅಲ್ಲ. ಅಲಾರಂನ ಮೆದುಳು ಬೇರೆ ಕಡೆ, ಬೀಗ ಹಾಕಿದ ಡಬ್ಬಿಯಲ್ಲಿ ಇರುತ್ತದೆ. ಆದ್ದರಿಂದ ಕಳ್ಳ ಕೀಪ್ಯಾಡನ್ನು ಕಿತ್ತು ಬಿಸಾಕಿದರೂ ಅಲಾರಂ ಸುಮ್ಮನಾಗೋದಿಲ್ಲ. ಕರೆಂಟ್ ಹೋದರೂ ಕೆಲಸ ಮಾಡಲು ಒಳಗೆ ಬ್ಯಾಟರಿ ಇರುತ್ತದೆ.

ಕಳ್ಳ ಬಂದದ್ದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಬಾಗಿಲಿಗೆ ಒಂದು ಅಯಸ್ಕಾಂತ, ಚೌಕಟ್ಟಿಗೆ ಒಂದು ಪುಟ್ಟ ಸ್ವಿಚ್ ಹಾಕಿರುತ್ತಾರೆ. ಸ್ವಿಚ್ಚಿನೊಳಗೆ ಎರಡು ತೆಳುವಾದ ಲೋಹದ ಪಟ್ಟಿಗಳು. ಬಾಗಿಲು ಮುಚ್ಚಿದ್ದಾಗ ಅಯಸ್ಕಾಂತದ ಸೆಳೆತಕ್ಕೆ ಅವು ಅಂಟಿಕೊಂಡು ವಿದ್ಯುತ್ ಹರಿಯುತ್ತದೆ. ಬಾಗಿಲು ತೆಗೆದರೆ ಬಿಟ್ಟುಕೊಳ್ಳುತ್ತವೆ. ಆಗ ಮೆದುಳಿಗೆ ಸುದ್ದಿ ಮುಟ್ಟುತ್ತದೆ. ಮೂಲೆಯಲ್ಲಿ ಇನ್ನೊಂದು ಕಣ್ಣು ಇರುತ್ತದೆ. ನಮ್ಮ ಮೈಯಿಂದ ಹೊರಡುವ, ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನು ಅದು ಗುರುತಿಸುತ್ತದೆ. ಕತ್ತಲಲ್ಲಿ ಯಾರಾದರೂ ಓಡಾಡಿದರೂ ತಿಳಿಯುತ್ತದೆ.

ಸಂಜೆ ಕೊನೆಗೆ ಹೋಗುವವರು ಗುಟ್ಟಿನ ಸಂಖ್ಯೆ ಒತ್ತಿ ಬೇಗ ಹೊರಗೆ ಹೋಗಬೇಕು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕೀಪ್ಯಾಡ್ ಪೀಂ ಪೀಂ ಅನ್ನುತ್ತದೆ. ಸ್ವಲ್ಪ ಹೊತ್ತಿನೊಳಗೆ ಅದೇ ಸಂಖ್ಯೆ ಒತ್ತದಿದ್ದರೆ ಸೈರನ್ ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ.

ಈಗ ಒಂದು ಲೆಕ್ಕ ನೋಡೋಣ. ಸಂಖ್ಯೆಗೆ 4 ಅಂಕಿ ಇದ್ದರೆ 10×10×10×10 = 10,000 ಬಗೆ ಆಗುತ್ತದೆ. ಒಂದೊಂದಕ್ಕೆ 5 ಸೆಕೆಂಡ್ ಅಂದರೂ ಎಲ್ಲವನ್ನೂ ಒತ್ತಲು ಸುಮಾರು 14 ಗಂಟೆ ಬೇಕು. ಆದರೆ ದಿನಾ ಒತ್ತಿ ಒತ್ತಿ ನಾಲ್ಕೇ ಗುಂಡಿಗಳು ಸವೆದಿದ್ದರೆ? ಆ ನಾಲ್ಕನ್ನು ಜೋಡಿಸುವ ಬಗೆ 4×3×2×1 = 24 ಮಾತ್ರ. ಎರಡೇ ನಿಮಿಷ ಸಾಕು! ಅದಕ್ಕೇ ಸಂಖ್ಯೆಯನ್ನು ಆಗಾಗ ಬದಲಾಯಿಸಬೇಕು. ಹುಟ್ಟಿದ ಇಸವಿಯನ್ನು ಇಡಬಾರದು. ತಪ್ಪು ಸಂಖ್ಯೆಯನ್ನು ಕೆಲವು ಸಲ ಒತ್ತಿದರೆ ಎಷ್ಟೋ ಕೀಪ್ಯಾಡುಗಳು ತಾವೇ ಮುಚ್ಚಿಕೊಳ್ಳುತ್ತವೆ.

ಬಾಗಿಲು ತೆಗೆದರೆ ಗಂಟೆ ಹೊಡೆಯುವ ವಿದ್ಯುತ್ ಅಲಾರಂಗೆ ಅಮೆರಿಕದ ಆಗಸ್ಟಸ್ ಪೋಪ್ ಎಂಬುವರು 1853ರಲ್ಲೇ ಪೇಟೆಂಟ್ ಪಡೆದರು. ಆಗ ಕೀಪ್ಯಾಡ್ ಇರಲಿಲ್ಲ.

ಇದೆಲ್ಲ ಪೇಟೆಗೆ, ನಮಗೇನು ಅನ್ನಬೇಡಿ. ಹೋದ ಬೇಸಿಗೆಯಲ್ಲಿ ನಮ್ಮ ಗದ್ದೆಯ ಮೋಟರಿನ ಕೇಬಲ್ಲನ್ನು ರಾತ್ರಿ ಯಾರೋ ಕುಯ್ದುಕೊಂಡು ಹೋದರು. ನಾಯಿಗಳು ಬಹಳ ಹೊತ್ತು ಬೊಗಳಿದವು. ಕೇಳಿಸಿಕೊಂಡವರೆಲ್ಲ ಹೊದ್ದು ಮಲಗಿದರು. ಹದಿನೈದು ದಿನ ನೀರಿಲ್ಲದೆ ಕಬ್ಬು ಒಣಗಿತು. ಅಲಾರಂ ಬರೀ ಕೂಗುತ್ತದೆ, ಕಳ್ಳನನ್ನು ಹಿಡಿಯೋದಿಲ್ಲ. ಏಳಬೇಕಾದವರು ಜನ.

ನಮ್ಮೂರಲ್ಲಿ 13ನೇ ಶತಮಾನದ ಹೊಯ್ಸಳರ ಪಂಚಲಿಂಗೇಶ್ವರ ದೇವಸ್ಥಾನ ಇದೆ. ಐದು ಗರ್ಭಗುಡಿ ಇರುವ ಇಂಥ ಗುಡಿಗಳು ಅಪರೂಪ. ನಿಧಿಯ ಆಸೆಗೆ ಹಳೇ ಗುಡಿಗಳನ್ನು ಅಗೆಯುವ ಕಳ್ಳರೂ ಇದ್ದಾರೆ. ಆದ್ದರಿಂದ ರಾತ್ರಿ ನಾಯಿ ಬೊಗಳಿದರೆ ಒಂದು ಸಲ ಎದ್ದು ಲೈಟ್ ಹಾಕಿ, ಪಕ್ಕದ ಮನೆಯವರನ್ನು ಕೂಗಿ ಎಂದು ನಿಮ್ಮ ಮನೆಯಲ್ಲಿ ಹೇಳಿ.

ನಿಮಗೊಂದು ಪ್ರಶ್ನೆ: ಸಂಖ್ಯೆಗೆ 6 ಅಂಕಿ ಇದ್ದರೆ ಎಷ್ಟು ಬಗೆ? ಉತ್ತರವನ್ನು ಕೆಳಗೆ ಪೆನ್ಸಿಲಿನಲ್ಲಿ ಬರೆಯಿರಿ.

— 7ನೇ ತರಗತಿ